ಆಪರೇಷನ್‌ನಲ್ಲಿ ಒಪ್ಪಿದ ಔಷಧಿಗೆ ಮನೆಯಲ್ಲಿ ಯಾಕಿಷ್ಟು ಭಯ? ಮಾರ್ಫಿನ್, ಫೆಂಟನಿಲ್ ಬಗ್ಗೆ ಗೊತ್ತಿರುವವರು ಹೇಳಿ

ಬಯಲುಸೀಮೆ:

ಎಲ್ಲರಿಗೂ ನಮಸ್ಕಾರ. ನಮ್ಮ ಚಿಕ್ಕಪ್ಪನಿಗೆ ಬಾಯಿ ಕ್ಯಾನ್ಸರ್. ಹೋದ ವರ್ಷ ದವಡೆಯ ಆಪರೇಷನ್ ಆಯಿತು, ರೇಡಿಯೇಷನ್ನೂ ಆಯಿತು, ಈಗ ಮತ್ತೆ ಬಂದಿದೆ. ನೋವು ಎಷ್ಟಿದೆ ಅಂದರೆ ರಾತ್ರಿ ಮಲಗುವುದೇ ಇಲ್ಲ, ಗೋಡೆಗೆ ಒರಗಿ ಕೆನ್ನೆ ಹಿಡಿದುಕೊಂಡು ಕೂತಿರುತ್ತಾರೆ. ಗಂಜಿ ನುಂಗುವುದಕ್ಕೂ ಆಗದೆ ಮೂಗಿಗೆ ನಳಿಕೆ ಹಾಕಿದ್ದಾರೆ. ಡಾಕ್ಟರು ಮಾರ್ಫಿನ್ ಮಾತ್ರೆ ಬರೆದುಕೊಟ್ಟರು. ನಾಲ್ಕು ಗಂಟೆಗೊಮ್ಮೆ ಕೊಡಬೇಕಂತೆ, ಆ ಹೊತ್ತಿಗೆ ನೋವು ಇರಲಿ ಇಲ್ಲದಿರಲಿ.

ಮನೆಯಲ್ಲಿ ಯಾರೂ ಒಪ್ಪುತ್ತಿಲ್ಲ. ಅದು ಅಫೀಮು, ಚಟ ಹತ್ತುತ್ತೆ ಅಂತ ಕೆಲವರು. ಅದನ್ನು ಶುರು ಮಾಡಿದರೆ ಕೊನೆಗಾಲ ಬಂತು ಅಂತಲೇ ಲೆಕ್ಕ ಅಂತ ಇನ್ನು ಕೆಲವರು. ಮಾತ್ರೆ ಬೀರುವಿನಲ್ಲೇ ಇದೆ. ನನಗೆ ಅರ್ಥವಾಗದೇ ಇರುವುದು ಏನೆಂದರೆ, ಹಳೇ ಆಪರೇಷನ್ ಚೀಟಿಯಲ್ಲಿ ಫೆಂಟನಿಲ್ ಕೊಟ್ಟಿದ್ದಾರೆ ಅಂತ ಬರೆದಿದೆ. ಹುಡುಕಿ ನೋಡಿದರೆ ಅದೂ ಮಾರ್ಫಿನ್ ಜಾತಿಯದ್ದೇ, ಅದರ ನೂರು ಪಟ್ಟು ಶಕ್ತಿ ಇರುವಂಥದ್ದು. ಅವತ್ತು ನಾವೆಲ್ಲ ಒಂದು ಮಾತೂ ಕೇಳದೆ ಸಹಿ ಹಾಕಿದ್ದೆವು. ಹಾಗಾದರೆ ಈಗ ಭಯ ಯಾಕೆ? ನಿಜವಾಗಿಯೂ ಭಯಪಡಬೇಕಾ? ದಯವಿಟ್ಟು ಬಿಡಿಸಿ ಹೇಳಿ, ಮನೆಯವರಿಗೆ ಓದಿ ಹೇಳಬೇಕು.

ತುಂಗಾತೀರ:

ನಾನು ಅರಿವಳಿಕೆ ಡಾಕ್ಟರು. ದಿನಾ ಕೈಯಲ್ಲಿ ಹಿಡಿಯುವ ಔಷಧಿ ಇದು, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಆ ನೂರು ಪಟ್ಟಿನ ವಿಷಯ. ಅದು ತೂಕದ ಲೆಕ್ಕ ಅಷ್ಟೇ. 10 ಮಿಲಿಗ್ರಾಂ ಮಾರ್ಫಿನ್ ಇಂಜೆಕ್ಷನ್ ಮಾಡುವ ಕೆಲಸವನ್ನು ಸುಮಾರು 100 ಮೈಕ್ರೋಗ್ರಾಂ ಫೆಂಟನಿಲ್ ಮಾಡುತ್ತದೆ. ಹಾಗಾಗಿ ನಾವು ಕೊಡುವುದೂ ಮೈಕ್ರೋಗ್ರಾಂ ಲೆಕ್ಕದಲ್ಲೇ. ಶಕ್ತಿ ಜಾಸ್ತಿ ಅನ್ನುವುದಕ್ಕಲ್ಲ ನಾವು ಅದನ್ನು ಆರಿಸುವುದು, ಬೇಗ ಹತ್ತುತ್ತದೆ, ಬೇಗ ಇಳಿಯುತ್ತದೆ ಅನ್ನುವುದಕ್ಕೆ. ರಕ್ತನಾಳಕ್ಕೆ ಕೊಟ್ಟ ಮೂರರಿಂದ ಐದು ನಿಮಿಷದಲ್ಲಿ ಪೂರ್ತಿ ಪರಿಣಾಮ, ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಇಳಿತ. ಬೆಲ್ಜಿಯಂನ ಪಾಲ್ ಯಾನ್ಸೆನ್ 1960ರಲ್ಲಿ ಇದನ್ನು ತಯಾರಿಸಿದರು. ಅದರ ತಮ್ಮನ ಹಾಗಿರುವ ರೆಮಿಫೆಂಟನಿಲ್ ಅಂತ ಒಂದಿದೆ, ಅದನ್ನು ರಕ್ತ ಮತ್ತು ಅಂಗಾಂಶಗಳಲ್ಲಿರುವ ಕಿಣ್ವಗಳೇ ಒಡೆದುಹಾಕುವುದರಿಂದ ಡ್ರಿಪ್ ನಿಲ್ಲಿಸಿದ ಕೆಲವೇ ನಿಮಿಷದಲ್ಲಿ ಹೋಗಿಬಿಡುತ್ತದೆ. ಆಮೇಲಿನ ನೋವಿಗೆ ಬೇರೆ ವ್ಯವಸ್ಥೆ ಮೊದಲೇ ಮಾಡಿಕೊಂಡಿರಬೇಕು.

ಇನ್ನು ನೋವು ಹೇಗೆ ಕಡಿಮೆಯಾಗುತ್ತದೆ ಅಂತ. ಗಾಯದಿಂದ ಹೊರಟ ಸುದ್ದಿ ನರದ ಮೂಲಕ ಬೆನ್ನುಹುರಿಗೆ ಬರುತ್ತದೆ. ಅಲ್ಲಿ ಒಂದು ನರ ತನ್ನ ಸುದ್ದಿಯನ್ನು ಇನ್ನೊಂದು ನರಕ್ಕೆ ದಾಟಿಸಬೇಕು, ಆಮೇಲೆ ಅದು ಮೆದುಳಿಗೆ ಹೋಗುತ್ತದೆ. ಈ ದಾಟಿಸುವ ಜಾಗದಲ್ಲೇ ಓಪಿಯಾಯ್ಡ್ ಗ್ರಾಹಕಗಳು, ಅಂದರೆ ಮಾರ್ಫಿನ್ ಜಾತಿಯ ಔಷಧಿಗಳು (ಓಪಿಯಾಯ್ಡ್) ಬಂದು ಕೂರುವ ತಾಣಗಳು, ದಟ್ಟವಾಗಿರುವುದು. ಮಾರ್ಫಿನ್ ಅಲ್ಲಿ ಕೂತರೆ ಮೊದಲ ನರದೊಳಗೆ ಕ್ಯಾಲ್ಸಿಯಂ ಬರುವುದು ತಗ್ಗುತ್ತದೆ, ಕ್ಯಾಲ್ಸಿಯಂ ಇಲ್ಲದೆ ಅದು ತನ್ನ ರಾಸಾಯನಿಕವನ್ನು ಬಿಡಲಾರದು. ಎರಡನೇ ನರದಿಂದ ಪೊಟ್ಯಾಸಿಯಂ ಹೊರಗೆ ಹರಿದು ಅದು ಸುಲಭಕ್ಕೆ ಎಚ್ಚೆತ್ತುಕೊಳ್ಳುವುದಿಲ್ಲ. ಅದೇ ಹೊತ್ತಿಗೆ ಮೆದುಳಿನ ಬುಡದಿಂದ ನೋವನ್ನು ತಡೆಯುವ ಆದೇಶಗಳೂ ಕೆಳಗಿಳಿಯುತ್ತವೆ. ಇದರ ಜೊತೆಗೆ ಮೆದುಳಿನೊಳಗೆ, ನೋವನ್ನು ಸಂಕಟವಾಗಿ ಅನುಭವಿಸುವ ಭಾಗಗಳ ಮೇಲೂ ಅದರ ಕೆಲಸ ಇದೆ. ಆಪರೇಷನ್ ಆದವರನ್ನು ಕೇಳಿದರೆ ಎಷ್ಟೋ ಜನ "ನೋವು ಇದೆ ಡಾಕ್ಟ್ರೇ, ಆದರೆ ಅಷ್ಟೊಂದು ಕಾಡ್ತಾ ಇಲ್ಲ" ಅಂತಲೇ ಹೇಳುವುದು. ಈ ಮಾತು ಪ್ಯಾರಾಸಿಟಮಾಲ್ ತೆಗೆದುಕೊಂಡವರ ಬಾಯಲ್ಲಿ ನಾನು ಕೇಳಿಲ್ಲ.

ಈ ಗ್ರಾಹಕಗಳು ಅಫೀಮಿಗಾಗಿ ಹುಟ್ಟಿಕೊಂಡವಲ್ಲ ಅನ್ನುವುದನ್ನು ಮನೆಯವರಿಗೆ ಖಂಡಿತ ಹೇಳಿ. 1973ರಲ್ಲಿ ಗ್ರಾಹಕಗಳು ಸಿಕ್ಕವು. ನಮ್ಮ ಮೆದುಳಿನಲ್ಲಿ ಇವು ಯಾಕಿವೆ ಅಂತ ಹುಡುಕುತ್ತಾ ಹೋದಾಗ 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಎನ್ಕೆಫಲಿನ್ ಸಿಕ್ಕಿತು, ಅಂದರೆ ನಮ್ಮ ದೇಹವೇ ತಯಾರಿಸಿಕೊಳ್ಳುವ ನೋವು ನಿವಾರಕ. ಕ್ಯಾನ್ಸರ್ ಮೂಳೆ ತಿನ್ನುವಾಗ ದೇಹದ ಆ ಸ್ವಂತ ದಾಸ್ತಾನು ಸಾಲುವುದಿಲ್ಲ. ಹೊರಗಿನಿಂದ ಸೇರಿಸುತ್ತೇವೆ.

ಬಯಲುಸೀಮೆ:

ತುಂಬಾ ಥ್ಯಾಂಕ್ಸ್ ಸರ್. ಒಂದು ಸಂದೇಹ. ಆಪರೇಷನ್‌ನಲ್ಲಿ ಹೇಗೂ ಪ್ರಜ್ಞೆ ತಪ್ಪಿಸಿರುತ್ತೀರಿ. ಪ್ರಜ್ಞೆಯೇ ಇಲ್ಲದವರಿಗೆ ನೋವಿನ ಔಷಧಿ ಯಾಕೆ ಬೇಕು?

ತುಂಗಾತೀರ:

ನಾನು ಡಾಕ್ಟರು, ಆದರೆ ಮೇಡಂ, ಸರ್ ಅಲ್ಲ. :)

ಒಳ್ಳೇ ಪ್ರಶ್ನೆ. ಅರಿವಳಿಕೆ ಅಂದರೆ ಒಂದೇ ಔಷಧಿ ಅಂತ ಬಹಳ ಜನ ಅಂದುಕೊಂಡಿದ್ದಾರೆ. ದೊಡ್ಡ ಆಪರೇಷನ್‌ಗಳಲ್ಲಿ ಕನಿಷ್ಠ ಮೂರು ಕೆಲಸ ಬೇರೆ ಬೇರೆಯಾಗಿ ನಡೆಯುತ್ತವೆ. ಪ್ರೊಪೊಫಾಲ್ ನಿದ್ದೆ ತರಿಸುತ್ತದೆ. ವೆಕ್ಯುರೋನಿಯಂ, ಅಟ್ರಾಕ್ಯುರಿಯಂನಂಥವು ಮಾಂಸಖಂಡಗಳನ್ನು ಸಡಿಲ ಮಾಡುತ್ತವೆ. ಇವೆರಡಕ್ಕೂ ನೋವಿಗೂ ಸಂಬಂಧವಿಲ್ಲ. ನೋವು ತಡೆಯುವುದು ಮೂರನೇ ಕೆಲಸ, ಅದಕ್ಕೇ ಫೆಂಟನಿಲ್. ನಿದ್ದೆ ಹೋದವರ ದೇಹಕ್ಕೆ ಕೊಯ್ದದ್ದು ಗೊತ್ತಾಗುತ್ತದೆ. ಮೆದುಳಿಗೆ ನೆನಪಿರುವುದಿಲ್ಲ ಅಷ್ಟೇ, ಬೆನ್ನುಹುರಿ, ಹೃದಯ, ರಕ್ತನಾಳ ಎಲ್ಲವೂ ಪ್ರತಿಕ್ರಿಯೆ ಕೊಡುತ್ತವೆ.

ಇದನ್ನು ನಾವು ಮಾನಿಟರ್ ಮೇಲೆ ಕಣ್ಣಾರೆ ನೋಡುತ್ತೇವೆ. ಉಸಿರಿನ ನಳಿಕೆ ಹಾಕಲು ಲ್ಯಾರಿಂಗೋಸ್ಕೋಪ್‌ನಿಂದ ನಾಲಿಗೆ ಎತ್ತುವ ಕ್ಷಣ ಇದೆಯಲ್ಲ, ಇಡೀ ಆಪರೇಷನ್‌ನಲ್ಲಿ ದೇಹಕ್ಕೆ ಅತಿ ಜೋರಾಗಿ ತಾಗುವ ಕ್ಷಣಗಳಲ್ಲಿ ಅದೂ ಒಂದು. ಅಲ್ಲಿಯವರೆಗೆ 70 ಇದ್ದ ನಾಡಿ ಒಂದೇ ಸಲ 120ಕ್ಕೆ ಹಾರಬಹುದು, ಬಿಪಿ ಅದರ ಹಿಂದೆಯೇ ಏರುತ್ತದೆ. ಇಪ್ಪತ್ತು ವರ್ಷದ ಹುಡುಗನಿಗೆ ಪರವಾಗಿಲ್ಲ. ಹೃದಯದ ರಕ್ತನಾಳ ಕಟ್ಟಿಕೊಂಡಿರುವ ಅರವತ್ತರ ಮನುಷ್ಯನಿಗೆ ಅಲ್ಲೇ ಹಾರ್ಟ್ ಅಟ್ಯಾಕ್ ಆಗಬಹುದು. ಹಾಗಾಗಿ ಪ್ರೊಪೊಫಾಲ್‌ಗಿಂತ ಕೆಲವು ನಿಮಿಷ ಮುಂಚೆ ಫೆಂಟನಿಲ್ ಹೋಗುತ್ತದೆ, ಸಾಮಾನ್ಯವಾಗಿ ಕೆಜಿಗೆ ಎರಡು ಮೈಕ್ರೋಗ್ರಾಂ ಆಸುಪಾಸು. ಕೊಟ್ಟ ತಕ್ಷಣ ಕೆಲವರು ಕೆಮ್ಮುತ್ತಾರೆ, ಮೂಗಿನ ತುದಿ ಉಜ್ಜಿಕೊಳ್ಳುತ್ತಾರೆ. ಆಮೇಲೆ ನಳಿಕೆ ಹಾಕಿದರೆ ನಾಡಿ 70ರಿಂದ 80 ಆಗಬಹುದು, ಅಲ್ಲಿಗೆ ನಿಲ್ಲುತ್ತದೆ. ಇದು ಒಳಗಿರುವುದರಿಂದ ನಿದ್ದೆಯ ಔಷಧಿಯೂ ಕಡಿಮೆ ಸಾಕಾಗುತ್ತದೆ, ಬಿಪಿ ಬೀಳುವುದು ಕಡಿಮೆ. ನಿದ್ದೆಯ ಔಷಧಿಯೊಂದರಿಂದಲೇ ಎಲ್ಲವನ್ನೂ ತಡೆಯಲು ಹೊರಟರೆ ಅದನ್ನು ಅಪಾಯದ ಮಟ್ಟಕ್ಕೆ ಏರಿಸಬೇಕಾಗುತ್ತದೆ.

ಒಂದು ಪರಿಣಾಮವನ್ನು ಮುಚ್ಚಿಡುವುದಿಲ್ಲ. ಇವೆಲ್ಲವೂ ಉಸಿರನ್ನು ನಿಧಾನ ಮಾಡುತ್ತವೆ. ಮೆದುಳಿನ ಕಾಂಡದಲ್ಲಿ ಉಸಿರಾಟದ ಲಯ ನಡೆಸುವ ನರಗಳ ಮೇಲೂ ಅದೇ ಗ್ರಾಹಕ ಇದೆ. ಥಿಯೇಟರಿನಲ್ಲಿ ಇದು ಸಮಸ್ಯೆಯಲ್ಲ, ಯಾಕೆಂದರೆ ಉಸಿರಾಟವನ್ನು ವೆಂಟಿಲೇಟರ್ ನಡೆಸುತ್ತಿರುತ್ತದೆ, ಪ್ರತಿ ಉಸಿರಿನ ಕಾರ್ಬನ್ ಡೈಆಕ್ಸೈಡ್ ಪರದೆಯ ಮೇಲೆ ಕಾಣುತ್ತಿರುತ್ತದೆ, ಮತ್ತು ನಾನು ಎದ್ದು ಹೋಗುವುದಿಲ್ಲ. ನಿಮ್ಮ ಮನೆಯವರು ಅವತ್ತು ಧೈರ್ಯವಾಗಿ ಸಹಿ ಹಾಕಿದ್ದು ಸರಿಯಾಗಿಯೇ ಇತ್ತು.

ಬಯಲುಸೀಮೆ:

ಕ್ಷಮಿಸಿ ಮೇಡಂ. ಆದರೆ ಈಗ ಇನ್ನೂ ಗಾಬರಿ ಆಯಿತು. ಅಲ್ಲಿ ನೀವಿದ್ದಿರಿ, ವೆಂಟಿಲೇಟರ್ ಇತ್ತು. ಮನೆಯಲ್ಲಿ ಉಸಿರು ನಿಧಾನವಾದರೆ ನೋಡುವವರು ಯಾರು?

ನರ್ಸಕ್ಕ:

ಇದಕ್ಕೆ ನಾನು ಹೇಳುತ್ತೇನೆ, ಡಾಕ್ಟರು ತಪ್ಪಿದ್ದರೆ ತಿದ್ದಲಿ. ಪ್ಯಾಲಿಯೇಟಿವ್ ಕೇರ್‌ನಲ್ಲಿ ಕೆಲಸ ಮಾಡುತ್ತೇನೆ, ಅಂದರೆ ದೊಡ್ಡ ಕಾಯಿಲೆಯವರ ನೋವು, ಸಂಕಟ ತಗ್ಗಿಸುವ ಆರೈಕೆ, ಮನೆಮನೆಗೆ ಹೋಗುತ್ತೇನೆ. ನಾನು ನೋಡುವವರಲ್ಲಿ ಬಾಯಿ, ಗಂಟಲು ಕ್ಯಾನ್ಸರಿನವರೇ ಜಾಸ್ತಿ.

ರಕ್ತನಾಳಕ್ಕೆ ಕೊಡುವುದಕ್ಕೂ ಬಾಯಿಂದ ಕೊಡುವುದಕ್ಕೂ ಬಹಳ ವ್ಯತ್ಯಾಸ ಇದೆ. ಬಾಯಿಂದ ಕೊಟ್ಟ ಮಾರ್ಫಿನ್‌ನಲ್ಲಿ ಮೂರನೇ ಒಂದು ಭಾಗದಷ್ಟು ಮಾತ್ರ ರಕ್ತಕ್ಕೆ ಸೇರುತ್ತದೆ, ಉಳಿದದ್ದನ್ನು ಲಿವರ್ ದಾರಿಯಲ್ಲೇ ಕರಗಿಸಿಬಿಡುತ್ತದೆ. ಏರುವುದೂ ನಿಧಾನ, ಪೂರ್ತಿ ಪರಿಣಾಮಕ್ಕೆ ಸುಮಾರು ಒಂದು ಗಂಟೆ. ಚಿಕ್ಕ ಡೋಸ್‌ನಿಂದ ಶುರು ಮಾಡುತ್ತಾರೆ, ಸಾಮಾನ್ಯವಾಗಿ 5 ಅಥವಾ 10 ಮಿಲಿಗ್ರಾಂ, ವಯಸ್ಸಾದವರಿಗೆ, ತೀರಾ ಸೊರಗಿದವರಿಗೆ ಅದರ ಅರ್ಧ. ನೋವು ನೋಡಿ ಮೆಲ್ಲಗೆ ಏರಿಸುತ್ತಾರೆ. ಹೀಗೆ ಕೊಟ್ಟಾಗ ಉಸಿರು ತಗ್ಗುವುದಕ್ಕಿಂತ ಬಹಳ ಮುಂಚೆ ಮಂಪರು ಬರುತ್ತದೆ. ನೀವು ನೋಡಬೇಕಾದ್ದು ಅದನ್ನೇ. ಕರೆದರೆ ಕಣ್ಣು ಬಿಟ್ಟು ಮಾತಾಡುತ್ತಾರಾ? ಸರಿ. ಅಲುಗಾಡಿಸಿದರೂ ಎಚ್ಚರಾಗುವುದು ಕಷ್ಟ, ಕೈಕಾಲು ತಾನಾಗಿ ಜುಮ್ಮೆಂದು ಎಗರುತ್ತಿದೆ, ಇಲ್ಲದ್ದನ್ನು ನೋಡಿ ಮಾತಾಡುತ್ತಿದ್ದಾರೆ ಅಂದರೆ ಮುಂದಿನ ಡೋಸ್ ನಿಲ್ಲಿಸಿ ತಕ್ಷಣ ಫೋನ್ ಮಾಡಿ. ಕಿಡ್ನಿ ಸರಿಯಿಲ್ಲದವರಲ್ಲಿ ಹೀಗಾಗುತ್ತದೆ, ಯಾಕೆಂದರೆ ಮಾರ್ಫಿನ್ ಒಡೆದು ಬಂದ ಪದಾರ್ಥಗಳು ಹೊರಗೆ ಹೋಗದೆ ಉಳಿದುಕೊಳ್ಳುತ್ತವೆ. ಚಿಕ್ಕಪ್ಪನ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸುವ ರಕ್ತಪರೀಕ್ಷೆ) ನೋಡಿದ್ದಾರಾ ಕೇಳಿಕೊಳ್ಳಿ.

ಮೊದಲ ಎರಡು ಮೂರು ದಿನ ಜಾಸ್ತಿ ನಿದ್ದೆ ಮಾಡಿದರೆ ಗಾಬರಿ ಬೇಡ. ವಾರಗಟ್ಟಲೆ ನಿದ್ದೆ ಇಲ್ಲದವರು ನೋವು ಇಳಿದ ಮೇಲೆ ಮಲಗದೆ ಇನ್ನೇನು ಮಾಡುತ್ತಾರೆ?

ಗಂಟೆ ನೋಡಿ ಕೊಡುವುದು ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ನೋವು ಬಂದ ಮೇಲೆ ಕೊಡೋಣ ಅಂತ ಕಾಯುವುದು ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಹಾಗೆ. ಮಾತ್ರೆಯ ಪರಿಣಾಮ ನಾಲ್ಕು ಗಂಟೆ. ಅದು ಇಳಿಯುವ ಮುಂಚೆ ಇನ್ನೊಂದು ಹೋದರೆ ನೋವು ತಲೆ ಎತ್ತುವುದೇ ಇಲ್ಲ, ಒಟ್ಟಾರೆ ಕಡಿಮೆ ಔಷಧಿಯಲ್ಲಿ ಮುಗಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಇದನ್ನು ಹೇಳಿತು: ಬಾಯಿಂದ ಕೊಡಿ, ಗಡಿಯಾರ ನೋಡಿ ಕೊಡಿ. ಮಧ್ಯರಾತ್ರಿ ಎಬ್ಬಿಸುವುದು ತಪ್ಪಲಿ ಅಂತ ಮಲಗುವಾಗ ಎರಡು ಪಟ್ಟು ಡೋಸ್ ಬರೆದುಕೊಡುವುದೂ ಇದೆ, ಡಾಕ್ಟರನ್ನು ಕೇಳಿ. ಮಧ್ಯೆ ನೋವು ಎದ್ದರೆ ಕೊಡುವ ಹೆಚ್ಚುವರಿ ಡೋಸ್ ಎಷ್ಟು ಅಂತಲೂ ಚೀಟಿಯಲ್ಲಿ ಬರೆಸಿಕೊಳ್ಳಿ.

ಎರಡು ವಿಷಯ ಮರೆಯಲೇಬೇಡಿ. ಮಲಬದ್ಧತೆ ನೂರಕ್ಕೆ ನೂರು ಬರುತ್ತದೆ ಅಂತಲೇ ಇಟ್ಟುಕೊಳ್ಳಿ. ವಾಂತಿ, ಮಂಪರು ಕೆಲವು ದಿನದಲ್ಲಿ ಹೋಗುತ್ತವೆ, ಇದು ಹೋಗುವುದಿಲ್ಲ. ಮೊದಲ ದಿನದಿಂದಲೇ ಮಲ ಸಡಿಲ ಮಾಡುವ ಬಿಸಾಕೋಡಿಲ್‌ನಂಥ ಮಾತ್ರೆಯೋ ಸಿರಪ್ಪೋ ಜೊತೆಗೆ ಇರಬೇಕು. ಎಷ್ಟೋ ಮನೆಗಳಲ್ಲಿ ಹೊಟ್ಟೆ ಕಟ್ಟಿದ್ದಕ್ಕೇ ಮಾರ್ಫಿನ್ ನಿಲ್ಲಿಸಿ ಮತ್ತೆ ನೋವಿಗೆ ಬಿದ್ದದ್ದು ನೋಡಿದ್ದೇನೆ, ಬಹಳ ಸಂಕಟವಾಗುತ್ತದೆ. ಎರಡನೆಯದು ನಳಿಕೆ. ಸಾಮಾನ್ಯ ಮಾರ್ಫಿನ್ ಮಾತ್ರೆಯನ್ನು ನುಣ್ಣಗೆ ಪುಡಿ ಮಾಡಿ ನೀರಿನಲ್ಲಿ ಕದಡಿ ನಳಿಕೆಯಲ್ಲಿ ಕೊಡಬಹುದು, ಆಮೇಲೆ ಸ್ವಲ್ಪ ನೀರು ಬಿಟ್ಟು ನಳಿಕೆ ತೊಳೆಯಿರಿ. ಆದರೆ ಹನ್ನೆರಡು ಗಂಟೆಗೊಮ್ಮೆ ಕೊಡುವ ನಿಧಾನದ ಮಾತ್ರೆ ಇದ್ದರೆ ಅದನ್ನು ಯಾವ ಕಾರಣಕ್ಕೂ ಪುಡಿ ಮಾಡಬಾರದು. ಅರ್ಧ ದಿನದ ಔಷಧಿ ಒಂದೇ ಸಲಕ್ಕೆ ಒಳಗೆ ಹೋಗುತ್ತದೆ. ನಿಮ್ಮದು ನಾಲ್ಕು ಗಂಟೆಯದ್ದು ಅಂದಿರಿ, ಆದರೂ ಮಾತ್ರೆಯ ಸ್ಟ್ರಿಪ್ ಮೇಲೆ ಏನು ಬರೆದಿದೆ ಒಮ್ಮೆ ನೋಡಿ.

ಸಿಯಾಟಲ್ ಕನ್ನಡಿಗ:

ಎಲ್ಲ ಸರಿ, ಆದರೆ ಮನೆಯವರ ಭಯವನ್ನು ಸುಮ್ನೆ ತಳ್ಳಿಹಾಕಬೇಡಿ. ನಾನಿರುವ ದೇಶದಲ್ಲಿ ಈ ಔಷಧಿಗಳು ಊರೂರನ್ನೇ ಹಾಳು ಮಾಡಿವೆ. 1996ರಲ್ಲಿ ಆಕ್ಸಿಕಾಂಟಿನ್ ಅನ್ನುವ ಇದೇ ಜಾತಿಯ ನೋವಿನ ಮಾತ್ರೆ ಬಂತು. ಚಟ ಹತ್ತುವುದು ಬಹಳ ಅಪರೂಪ ಅಂತ ಹೇಳಿ ಸೊಂಟನೋವು, ಮಂಡಿನೋವಿಗೆಲ್ಲ ಡಾಕ್ಟರುಗಳ ಕೈಲಿ ಬರೆಸಿದರು. ಅದನ್ನು ತಯಾರಿಸಿದ ಪರ್ಡ್ಯೂ ಫಾರ್ಮಾ ಬಳಗ 2007ರಲ್ಲೂ 2020ರಲ್ಲೂ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡಿತು. ಮಾತ್ರೆ ಸಿಗದಾದಾಗ ಜನ ಹೆರಾಯಿನ್‌ಗೆ ಹೋದರು, ಆಮೇಲೆ ಕಳ್ಳದಾರಿಯಲ್ಲಿ ತಯಾರಾದ ಫೆಂಟನಿಲ್ ಬಂತು. 2021ರಲ್ಲಿ ಒಂದೇ ವರ್ಷ ಒಂದು ಲಕ್ಷಕ್ಕೂ ಜಾಸ್ತಿ ಜನ ಡ್ರಗ್ಸ್ ಮಿತಿಮೀರಿ ಸತ್ತರು, ಅದರಲ್ಲಿ ದೊಡ್ಡ ಪಾಲು ಈ ಫೆಂಟನಿಲ್‌ದು. ಇಲ್ಲಿ ಲೈಬ್ರರಿಗಳಲ್ಲೂ ಈ ಔಷಧಿಗಳ ಪರಿಣಾಮ ಇಳಿಸುವ ನಲಾಕ್ಸೋನ್ ಮೂಗಿನ ಸ್ಪ್ರೇ ಇಟ್ಟಿರುತ್ತಾರೆ.

ತುಂಗಾತೀರ:

ನೀವು ಹೇಳಿದ್ದರಲ್ಲಿ ಒಂದಕ್ಷರ ತಳ್ಳಿಹಾಕುವುದಿಲ್ಲ. ನಲಾಕ್ಸೋನ್ ನಮ್ಮ ಥಿಯೇಟರಿನ ಟ್ರೇನಲ್ಲೂ ಇರುತ್ತದೆ. ಗ್ರಾಹಕದಿಂದ ಮಾರ್ಫಿನ್ನನ್ನು ಎಬ್ಬಿಸಿ ಆ ಜಾಗದಲ್ಲಿ ತಾನು ಕೂರುತ್ತದೆ, ಎರಡು ಮೂರು ನಿಮಿಷದಲ್ಲಿ ಉಸಿರು ಮರಳುತ್ತದೆ. ಆದರೆ ಅದರ ಆಯಸ್ಸು ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಅಷ್ಟೇ, ಮಾರ್ಫಿನ್ ಅದಕ್ಕಿಂತ ಹೆಚ್ಚು ಹೊತ್ತು ಇರುತ್ತದೆ. ಎದ್ದು ಕೂತರು ಅಂತ ಮನೆಗೆ ಕಳಿಸುವ ಹಾಗಿಲ್ಲ.

ಆದರೆ ಅಮೆರಿಕದ ಕಥೆಯಿಂದ ಕಲಿಯಬೇಕಾದ್ದು ಬೇರೆ. ವರ್ಷಗಟ್ಟಲೆ ಇರುವ ಸೊಂಟನೋವಿಗೆ ಓಪಿಯಾಯ್ಡ್ ಒಳ್ಳೇ ಔಷಧಿ ಅಲ್ಲ, ನಾನೂ ಬರೆಯುವುದಿಲ್ಲ. ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2016ರಲ್ಲಿ ಡಾಕ್ಟರುಗಳಿಗೆ ಕಡಿವಾಣ ಹಾಕಿದಾಗಲೂ, ಕ್ಯಾನ್ಸರ್ ಚಿಕಿತ್ಸೆ, ಪ್ಯಾಲಿಯೇಟಿವ್ ಕೇರ್ ಮತ್ತು ಕೊನೆಗಾಲದ ಆರೈಕೆಗೆ ಇದು ಅನ್ವಯಿಸುವುದಿಲ್ಲ ಅಂತ ಬರೆದೇ ಕಡಿವಾಣ ಹಾಕಿತ್ತು.

ಚಟ ಅಂತ ಜನ ಅನ್ನುವುದರಲ್ಲಿ ಮೂರು ವಿಷಯ ಕಲಸಿಹೋಗಿವೆ. ವಾರಗಟ್ಟಲೆ ತೆಗೆದುಕೊಂಡರೆ ಅದೇ ಪರಿಣಾಮಕ್ಕೆ ಸ್ವಲ್ಪ ಜಾಸ್ತಿ ಬೇಕಾಗಬಹುದು. ಥಟ್ಟನೆ ನಿಲ್ಲಿಸಿದರೆ ಬೆವರು, ಭೇದಿ, ಚಡಪಡಿಕೆ ಆಗುತ್ತದೆ, ಅದಕ್ಕೇ ಮೆಲ್ಲಗೆ ಇಳಿಸುತ್ತೇವೆ. ಇವೆರಡೂ ದೇಹದ ಹೊಂದಾಣಿಕೆ, ದಿನಾ ತೆಗೆದುಕೊಂಡ ಯಾರಿಗಾದರೂ ಆಗುತ್ತದೆ. ಚಟ ಅಂದರೆ ಮೈಮನೆ ಹಾಳಾಗುತ್ತಿದ್ದರೂ ನೋವಿಲ್ಲದಿದ್ದರೂ ಅದರ ಹಿಂದೆ ಓಡುವುದು. ಕ್ಯಾನ್ಸರ್ ನೋವಿಗೆ ಸರಿಯಾದ ಉಸ್ತುವಾರಿಯಲ್ಲಿ ಕೊಟ್ಟಾಗ ಅದು ಆಗುವುದು ಕಡಿಮೆ. ಆಗುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಹಿಂದೆ ಕುಡಿತ, ಗಾಂಜಾ ಚಟ ಇದ್ದವರಿಗೆ ಕಣ್ಣಿಟ್ಟು ಕೊಡಬೇಕು, ಅವರಿಗೂ ನೋವು ನೋವೇ ಅಲ್ವಾ. ಹಾಗೇ ನೋವಿಗೆ ಡೋಸ್ ಸಾಲದೆ ಇನ್ನಷ್ಟು ಔಷಧಿ ಕೇಳುವವನನ್ನು ಚಟಗಾರ ಅನ್ನುವುದು ನನ್ನ ಪ್ರಕಾರ ದೊಡ್ಡ ಅನ್ಯಾಯ. ಡೋಸ್ ಸಾಕಾದರೆ ಕೇಳುವುದು ನಿಲ್ಲುತ್ತದೆ, ನೋಡಿ ಬೇಕಾದರೆ.

ಕರಾವಳಿ ತಾಯಿ:

ನನ್ನ ಸಿಸೇರಿಯನ್‌ನಲ್ಲಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟರು. ಆಮೇಲೆ ಮೂಗು, ಮುಖ ಎಲ್ಲ ವಿಪರೀತ ತುರಿಕೆ. ಅಲರ್ಜಿ ಅಂದುಕೊಂಡು ಅಳುವ ಹಾಗಾಗಿತ್ತು, ಯಾರೂ ಸರಿಯಾಗಿ ಹೇಳಲಿಲ್ಲ. ರಾತ್ರಿಯೆಲ್ಲ ನರ್ಸ್ ಬಂದು ಬಂದು ಎಬ್ಬಿಸುತ್ತಿದ್ದರು. ಅದೂ ಇದೇನಾ?

ತುಂಗಾತೀರ:

ಬಹುಶಃ ಇದೇ. ಬೆನ್ನಿಗೆ ಕೊಡುವ, ಮರಗಟ್ಟಿಸುವ ಔಷಧಿಯಾದ ಬ್ಯುಪಿವಕೇನ್ ಜೊತೆ ಒಂದು ಚೂರು ಓಪಿಯಾಯ್ಡ್ ಸೇರಿಸುತ್ತಾರೆ. ಫೆಂಟನಿಲ್ ಆದರೆ ಆಪರೇಷನ್ ಹೊತ್ತಿನ ಎಳೆತ, ವಾಕರಿಕೆ ತಗ್ಗಿಸುತ್ತದೆ, ಕೆಲವೇ ಗಂಟೆ. ಮಾರ್ಫಿನ್ ಆದರೆ 100ರಿಂದ 150 ಮೈಕ್ರೋಗ್ರಾಂ, ಅಂದರೆ ಒಂದು ಮಿಲಿಗ್ರಾಮಿನ ಹತ್ತನೇ ಒಂದು ಭಾಗದ ಆಸುಪಾಸು, ಅಷ್ಟಕ್ಕೇ ಸುಮಾರು ಒಂದು ದಿನ ನೋವು ಹಿಡಿತದಲ್ಲಿರುತ್ತದೆ. ನೇರ ಬೆನ್ನುಹುರಿಯ ನೀರಿಗೆ ಬೀಳುವುದರಿಂದ ಅಷ್ಟು ಸಾಕು. ತುರಿಕೆ ಅದರ ತೀರಾ ಸಾಮಾನ್ಯ ಪರಿಣಾಮ, ಅಲರ್ಜಿ ಅಲ್ಲ. ಅದನ್ನು ಮೊದಲೇ ಹೇಳಬೇಕಿತ್ತು. ನರ್ಸ್ ಎಬ್ಬಿಸುತ್ತಿದ್ದುದು ಉಸಿರು, ಮಂಪರು ನೋಡಲು. ಈ ದಾರಿಯಲ್ಲಿ ಕೊಟ್ಟ ಮಾರ್ಫಿನ್ ಮೆದುಳಿನತ್ತ ನಿಧಾನವಾಗಿ ಏರುತ್ತದೆ, ತೊಂದರೆ ಆದರೆ ಎಷ್ಟೋ ಗಂಟೆ ತಡವಾಗಿ ಆಗಬಹುದು.

ಔಷಧಿ ಅಂಗಡಿ:

ಮಾತ್ರೆ ಸಿಗುವ ವಿಷಯ ಯಾರೂ ಹೇಳಲಿಲ್ಲ. ಬೀರುವಿನಲ್ಲಿ ಮಾರ್ಫಿನ್ ಇದೆ ಅಂದರೆ ನೀವು ಅದೃಷ್ಟವಂತರು. ನಮ್ಮಂಥ ಸಾಮಾನ್ಯ ಅಂಗಡಿಗಳಲ್ಲಿ ಸಿಗುವುದು ಅಪರೂಪ.

ಇದು ನನಗೆ ಹೊಟ್ಟೆ ಉರಿಯುವ ವಿಷಯ. ಮಾರ್ಫಿನ್ ಬರುವುದು ಅಫೀಮು ಗಿಡದಿಂದ, ನಾವು ಪಾಯಸಕ್ಕೆ ಹಾಕುವ ಗಸಗಸೆ ಬರುವುದೂ ಅದೇ ಗಿಡದಿಂದ. ಬೀಜದಲ್ಲಿ ಅಮಲು ಇಲ್ಲ, ಕಾಯಿ ಗೀರಿದಾಗ ಒಸರುವ ಹಾಲಿನಲ್ಲಿ ಇರುವುದು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದಲ್ಲಿ ಸರ್ಕಾರದ ಲೈಸೆನ್ಸ್ ಪಡೆದ ರೈತರು ಬೆಳೆಯುತ್ತಾರೆ, ನೀಮಚ್ ಮತ್ತು ಘಾಜಿಪುರದ ಸರ್ಕಾರಿ ಕಾರ್ಖಾನೆಗಳಿಗೆ ಹೋಗುತ್ತದೆ, ಹೊರದೇಶಕ್ಕೂ ಮಾರುತ್ತೇವೆ. ಆದರೆ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ 2017ರ ಆಯೋಗದ ಲೆಕ್ಕದಲ್ಲಿ ನಮ್ಮ ರೋಗಿಗಳಿಗೆ ಸಿಗುವುದು ಬೇಕಾದ್ದರಲ್ಲಿ ನೂರಕ್ಕೆ ನಾಲ್ಕು ಭಾಗ. ಉಳಿದವರು ನಿಮ್ಮ ಚಿಕ್ಕಪ್ಪನ ಹಾಗೆ ಗೋಡೆಗೆ ಒರಗಿ ಕೂತಿದ್ದಾರೆ.

ಕಾರಣ 1985ರ ಎನ್‌ಡಿಪಿಎಸ್ ಕಾಯ್ದೆ. ಮಾದಕ ವಸ್ತುಗಳ ಕಳ್ಳಸಾಗಣೆ ತಡೆಯಲು ಬಂದದ್ದು, ಆದರೆ ಆಸ್ಪತ್ರೆಗಳು ಒಂದು ಡಬ್ಬಿ ಮಾತ್ರೆಗೆ ಹಲವು ಇಲಾಖೆಗಳ ಲೈಸೆನ್ಸ್ ಒಟ್ಟಿಗೆ ಹಿಡಿಯಬೇಕಿತ್ತು, ಒಂದು ಬರುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿಯುತ್ತಿತ್ತು. ಬೇಸತ್ತು ತರಿಸುವುದನ್ನೇ ಬಿಟ್ಟರು. ಒಂದು ತಲೆಮಾರಿನ ಡಾಕ್ಟರುಗಳು ಮಾರ್ಫಿನ್ ಬರೆಯದೆಯೇ ಓದು ಮುಗಿಸಿದರು. 2014ರಲ್ಲಿ ತಿದ್ದುಪಡಿ ಆಯಿತು. ಮಾರ್ಫಿನ್, ಫೆಂಟನಿಲ್, ಮೆಥಡೋನ್ ಸೇರಿ ಆರು ಔಷಧಿಗಳನ್ನು ಅಗತ್ಯ ಮಾದಕ ಔಷಧಿ ಅಂತ ಗುರುತಿಸಿ, ರಾಜ್ಯದ ಔಷಧ ನಿಯಂತ್ರಕರ ಒಂದೇ ಅನುಮತಿ ಸಾಕು ಅಂತ ಮಾಡಿದರು. ಇದಕ್ಕೆ ಎಷ್ಟೋ ವರ್ಷ ಓಡಾಡಿದವರಲ್ಲಿ ಕೇರಳದ ಡಾ. ಎಂ. ಆರ್. ರಾಜಗೋಪಾಲ್ ಒಬ್ಬರು, 2018ರಲ್ಲಿ ಪದ್ಮಶ್ರೀ ಬಂತು. ಕೋಯಿಕ್ಕೋಡ್‌ನಲ್ಲಿ 1993ರಲ್ಲಿ ಶುರುವಾದ ಕೆಲಸದಿಂದ ಕೇರಳದ ಹಳ್ಳಿಗಳಲ್ಲೂ ಮಾರ್ಫಿನ್ ಸಿಗುವ ಹಾಗಾಯಿತು. ನಮ್ಮಲ್ಲಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ, ಹಣ ತೆಗೆದುಕೊಳ್ಳದೆ ನೋಡಿಕೊಳ್ಳುವ ಕರುಣಾಶ್ರಯ ಇದೆ. ಜಿಲ್ಲೆಗಳಲ್ಲಿ ಇನ್ನೂ ಬಹಳ ಆಗಬೇಕು. ಕಾನೂನು ಬದಲಾಗಿ ಇಷ್ಟು ವರ್ಷವಾದರೂ ಭಯ ಬದಲಾಗಿಲ್ಲ.

ಬಯಲುಸೀಮೆ:

ಎಲ್ಲವನ್ನೂ ಮನೆಯಲ್ಲಿ ಓದಿ ಹೇಳಿದೆ. ಕ್ರಿಯಾಟಿನಿನ್ ಸರಿಯಿದೆ ಅಂತ ಡಾಕ್ಟರು ಫೋನಿನಲ್ಲಿ ಹೇಳಿದರು, ಹೊಟ್ಟೆಯ ಮಾತ್ರೆಯನ್ನೂ ಬರೆಸಿಕೊಂಡೆ. ಇವತ್ತಿನಿಂದ ಶುರು. ಇನ್ನೆರಡು ಪ್ರಶ್ನೆ. ಕೆನ್ನೆಯಲ್ಲಿ ಕರೆಂಟ್ ಹೊಡೆದ ಹಾಗೆ ಚಳುಕು ಅಂತಾರೆ, ಅದಕ್ಕೂ ಇದೇ ಸಾಕಾ? ಮತ್ತೆ ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ.

ನರ್ಸಕ್ಕ:

ಕರೆಂಟ್ ಹೊಡೆದ ಹಾಗೆ, ಉರಿದ ಹಾಗೆ ಅನ್ನುವುದು ನರದ ನೋವು. ಅದಕ್ಕೆ ಮಾರ್ಫಿನ್ ಒಂದೇ ಅಷ್ಟಾಗಿ ಕೇಳುವುದಿಲ್ಲ. ಗ್ಯಾಬಪೆಂಟಿನ್ ಅಥವಾ ಅಮಿಟ್ರಿಪ್ಟಿಲಿನ್ ಜೊತೆಗೆ ಸೇರಿಸುತ್ತಾರೆ, ಆದರೆ ಇವೂ ಮಂಪರು ತರುತ್ತವೆ, ಹಾಗಾಗಿ ನೀವಾಗಿ ಅಂಗಡಿಯಲ್ಲಿ ಕೊಳ್ಳಬೇಡಿ. "ಕರೆಂಟ್" ಅನ್ನುವ ಅವರ ಮಾತನ್ನೇ ಡಾಕ್ಟರಿಗೆ ಹಾಗೇ ಹೇಳಿ, ಅವರಿಗೆ ಅದು ಬಹಳ ಉಪಯೋಗಕ್ಕೆ ಬರುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ಕೊಟ್ಟ ಗಂಟೆ, ಹತ್ತಕ್ಕೆ ನೋವು ಎಷ್ಟು, ಹೊಟ್ಟೆ ಹೋಯಿತಾ ಅಂತ ಬರೆದಿಡಿ. ಡೋಸ್ ಏರಿಸುವುದೋ ಇಳಿಸುವುದೋ ಅದನ್ನು ನೋಡಿಯೇ ತೀರ್ಮಾನ ಮಾಡುತ್ತಾರೆ.

ಔಷಧಿ ಅಂಗಡಿ:

ಮಕ್ಕಳ ವಿಷಯಕ್ಕೆ ಬೀರುವಿನ ಬಾಗಿಲು ಸಾಲದು, ಬೀಗ ಇರುವ ಡಬ್ಬಿ ಬೇಕು, ಕೀಲಿ ಒಬ್ಬರ ಹತ್ತಿರ ಇರಲಿ. ದೊಡ್ಡವರಿಗೆ ಸಾಮಾನ್ಯವಾದ ಡೋಸ್ ಮಗುವಿನ ಜೀವಕ್ಕೆ ಸಾಕು. ಮಾತ್ರೆ ಎಣಿಸಿ ಬರೆದಿಡಿ. ಸೊಂಟನೋವು ಅಂತ ನೆಂಟರು ಒಂದು ಕೇಳಿದರೂ ಕೊಡಬೇಡಿ, ಕಾನೂನಿಗೂ ತಪ್ಪು, ಅವರ ಜೀವಕ್ಕೂ ಅಪಾಯ. ಡೋಸ್ ಬದಲಾಗಿ ಹಳೇ ಮಾತ್ರೆ ಉಳಿದರೆ ಕಸಕ್ಕೆ ಹಾಕದೆ, ಕೊಟ್ಟ ಆಸ್ಪತ್ರೆಗೇ ಚೀಟಿಯ ಜೊತೆ ವಾಪಸ್ ಕೊಡಿ.